ಗ್ರಂಥಕ್ಕೊಂದು ಹೆಸರು: ಹಾಲ್ಡಮನ್-ಜೂಲಿಯಸನ ಜೀವನ

ಗ್ರಂಥವನ್ನು ಬರೆಯುವುದು ಒಂದು ಕಷ್ಟವಾದರೆ ಅದಕ್ಕೆ ತಕ್ಕ ಹೆಸರನ್ನಿಡುವುದು ಇನ್ನೊಂದು ಕಷ್ಟ. ವರ್ಷಗಟ್ಟಲೆ ದುಡಿದು ನೂರಾರು ಪುಟಗಳನ್ನು ತುಂಬಿದ ಲೇಖಕನು ಮುಖಪತ್ರದ ಮೇಲಿನ ಮೂರು ಮಾತುಗಳಿಗಾಗಿ ತಿಣುಕುವುದುಂಟು. ವೃತ್ತಪತ್ರಿಕೆಯ ಉಪಸಂಪಾದಕನ ಪಾಡೂ ಇದೇ. ಸುದ್ದಿಯೆಲ್ಲ ಕೈಯಲ್ಲಿದ್ದರೂ ತಲೆಬರಹ ಹೊಳೆಯದೆ ಕುಳಿತ ರಾತ್ರಿಗಳು ಆತನಿಗೆ ಹೊಸವಲ್ಲ. ಇನ್ನು ಜಾಹೀರಾತು ಬರೆಯುವವನಿಗಂತೂ ಮೊದಲ ಸಾಲು ಸೋತರೆ ಉಳಿದ ಸಾಲುಗಳೆಲ್ಲ ಸೋತಂತೆಯೇ. ಒಳ್ಳೆಯ ಹೆಸರು ಕೆಲವರಿಗೆ ಒಲಿಯುತ್ತದೆ, ಕೆಲವರಿಗೆ ಒಲಿಯುವುದಿಲ್ಲ, ಅದು ದೈವದತ್ತವಾದದ್ದು ಎಂದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆಯನ್ನು ಒಪ್ಪದೆ, ಹೆಸರಿನ ಶಕ್ತಿಯನ್ನು ಅಂಗಡಿಯವನು ಬೇಳೆಯನ್ನು ತೂಗುವಂತೆ ತಕ್ಕಡಿಗೆ ಹಾಕಿ ತೂಗಿದವನೊಬ್ಬ ಅಮೆರಿಕದಲ್ಲಿದ್ದ. ಆತನೇ ಇಮ್ಯಾನುಯೆಲ್ ಹಾಲ್ಡಮನ್-ಜೂಲಿಯಸ್. 1920ರ ದಶಕದಲ್ಲಿ ಐದು ಸೆಂಟಿನ ನೀಲಿ ಹೊತ್ತಗೆಗಳ ಪ್ರಕಾಶಕನೆಂದು ಆ ದೇಶದ ಮೂಲೆಮೂಲೆಗೂ ಆತನ ಖ್ಯಾತಿ ಹಬ್ಬಿತ್ತು.

1889ರ ಜುಲೈ 30ರಂದು ಫಿಲಡೆಲ್ಫಿಯಾ ನಗರದಲ್ಲಿ ಜೂಲಿಯಸ್ ಹುಟ್ಟಿದ. ತಂದೆತಾಯಿಗಳು ರಷ್ಯದ ಒಡೆಸ್ಸಾದಿಂದ ಬದುಕನ್ನರಸಿ ಬಂದ ಯೆಹೂದ್ಯರು. ತಂದೆಯ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ಮನೆಯಲ್ಲಿ ಗ್ರಂಥಗಳ ರಾಶಿಯಿತ್ತಾದರೂ ಅವೆಲ್ಲ ಪರರ ಸೊತ್ತು; ಹೊಲಿದು, ಅಂಟು ಹಚ್ಚಿ, ಹಿಂದಿರುಗಿಸಬೇಕಾದವು. ಬಡತನದ ಕಾರಣದಿಂದ ಹುಡುಗನ ಶಾಲೆ ಬೇಗನೆ ಮುಗಿಯಿತು. ಸಣ್ಣಪುಟ್ಟ ಕೂಲಿಗಳಲ್ಲಿ ದಿನ ಕಳೆಯುತ್ತ, ಸಿಕ್ಕಿದ್ದನ್ನೆಲ್ಲ ಓದುತ್ತ ಆತ ಬೆಳೆದ. ಗ್ರಂಥದ ಹಸಿವು ಎಷ್ಟಿತ್ತೋ ಗ್ರಂಥದ ಬೆಲೆಯ ಕಹಿಯೂ ಅಷ್ಟೇ ಇತ್ತು. ರಟ್ಟಿನ ಗ್ರಂಥವೊಂದಕ್ಕೆ ಕೊಡಬೇಕಾದ ಹಣ ಕೂಲಿಯವನ ಕೈಗೆಟುಕುವಂತಿರಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ನಡೆದ ಒಂದು ಸಣ್ಣ ಘಟನೆ ಆತನ ಬಾಳಿನ ದಾರಿಯನ್ನು ನಿರ್ಧರಿಸಿತೆಂದು ಹೇಳಬೇಕು. ಚಳಿಗಾಲದ ಒಂದು ದಿನ ಪುಸ್ತಕದಂಗಡಿಯಲ್ಲಿ ಹತ್ತು ಸೆಂಟು ಕೊಟ್ಟು ಆಸ್ಕರ್ ವೈಲ್ಡನ ರೆಡಿಂಗ್ ಸೆರೆಮನೆಯ ಲಾವಣಿಯ ಕಿರುಹೊತ್ತಗೆಯೊಂದನ್ನು ಆತ ಕೊಂಡ. ಉದ್ಯಾನದ ಕಲ್ಲುಬೆಂಚಿನಂತೆ ತಣ್ಣಗಿದ್ದ ಆಸನವೊಂದರ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಿದ. ಕೈಬೆರಳು ಮರಗಟ್ಟಿದ್ದು ಓದು ಮುಗಿಯುವವರೆಗೆ ತಿಳಿಯಲಿಲ್ಲ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಎದ್ದದ್ದು ಕಾವ್ಯದ ವಿಚಾರ ಮಾತ್ರವಲ್ಲ. ಜಗತ್ತಿನ ಒಳ್ಳೆಯ ಬರಹಗಳೆಲ್ಲ ಹೀಗೆ ಜೇಬಿನಲ್ಲಿಡುವಷ್ಟು ಚಿಕ್ಕದಾಗಿ, ಹತ್ತು ಸೆಂಟಿನಂತಹ ಅಗ್ಗದ ಬೆಲೆಗೆ, ಕೇಳಿದವರಿಗೆಲ್ಲ ದೊರೆಯುವಂತಿದ್ದರೆ ಎಂಬ ಆಸೆ ಅಂದು ಬೇರೂರಿತು. ಅದು ಫಲಿಸುವುದಕ್ಕೆ ಹದಿನೈದು ವರ್ಷ ಹಿಡಿಯಿತು.

ಯೌವನದಲ್ಲಿ ಜೂಲಿಯಸ್ ಸಮಾಜವಾದಿಯಾದ, ಪತ್ರಕರ್ತನೂ ಆದ. ನ್ಯೂಯಾರ್ಕ್, ಮಿಲ್ವಾಕಿ, ಷಿಕಾಗೊ, ಲಾಸ್ ಏಂಜಲಿಸ್ ಹೀಗೆ ಊರೂರಿನ ಸಮಾಜವಾದಿ ಪತ್ರಿಕೆಗಳಲ್ಲಿ ದುಡಿದ. 1915ರಲ್ಲಿ ಕ್ಯಾನ್ಸಾಸ್ ಸಂಸ್ಥಾನದ ಜಿರಾರ್ಡ್ ಎಂಬ ಚಿಕ್ಕ ಊರಿಗೆ ಬಂದು ‘ಅಪೀಲ್ ಟು ರೀಸನ್’ ಎಂಬ ವಾರಪತ್ರಿಕೆಯನ್ನು ಸೇರಿದ. ಗೋಧಿಯ ಹೊಲ, ಕಲ್ಲಿದ್ದಲ ಗಣಿಗಳ ನಡುವಣ ಈ ಊರಿನಿಂದ ಹೊರಡುತ್ತಿದ್ದ ಪತ್ರಿಕೆ ಒಂದು ಕಾಲಕ್ಕೆ ಐದು ಲಕ್ಷಕ್ಕೂ ಮೀರಿದ ಪ್ರಸಾರವನ್ನು ಕಂಡಿತ್ತು. ಅಪ್ಟನ್ ಸಿಂಕ್ಲೇರನ ಪ್ರಸಿದ್ಧ ಕಾದಂಬರಿ ‘ದಿ ಜಂಗಲ್’ 1905ರಲ್ಲಿ ಮೊದಲು ಅಚ್ಚಾದದ್ದು ಇದರಲ್ಲಿಯೇ. ಆದರೆ ಸ್ಥಾಪಕನಾದ ವೇಲಂಡ್ 1912ರಲ್ಲಿ ತೀರಿಕೊಂಡ ಮೇಲೆ, ಮೊದಲನೆಯ ಮಹಾಯುದ್ಧದ ಬಿರುಗಾಳಿಗೆ ಸಿಕ್ಕಿ, ಪತ್ರಿಕೆಯ ವೈಭವ ಇಳಿಮುಖವಾಗಿತ್ತು. ಮುದ್ರಣಾಲಯ ದೊಡ್ಡದು, ಕೆಲಸ ಕಡಿಮೆ ಎಂಬ ಸ್ಥಿತಿ.

ಜಿರಾರ್ಡಿನಲ್ಲಿ ಆತನಿಗೆ ಮಾರ್ಸೆಟ್ ಹಾಲ್ಡಮನ್ ಎಂಬ ತರುಣಿಯ ಪರಿಚಯವಾಯಿತು. ಆಕೆ ಊರಿನ ಬ್ಯಾಂಕಿನ ಒಡೆತನದ ಮನೆಯವಳು. ಷಿಕಾಗೊ ನಗರದಲ್ಲಿ ಬಡವರ ಸೇವೆಗೆ ಬಾಳನ್ನು ಮುಡಿಪಾಗಿಟ್ಟ ಜೇನ್ ಆಡಮ್ಸಳಿಗೆ ಸೋದರಿಯ ಮಗಳು. 1916ರಲ್ಲಿ ಇಬ್ಬರಿಗೂ ವಿವಾಹವಾಯಿತು. ಹೆಂಡತಿ ಗಂಡನ ಹೆಸರಿನಲ್ಲಿ ಕರಗಿಹೋಗುವುದು ಸರಿಯಲ್ಲವೆಂಬ ಭಾವನೆಯಿಂದ ಇಬ್ಬರ ಮನೆತನದ ಹೆಸರುಗಳನ್ನೂ ಸೇರಿಸಿ ಇಬ್ಬರೂ ಹಾಲ್ಡಮನ್-ಜೂಲಿಯಸ್ ಎಂಬ ಹೆಸರನ್ನು ಧರಿಸಿದರು. ಮುಂದೆ ಸಾವಿರಾರು ಗ್ರಂಥಗಳ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದವನು ಮೊದಲು ತನ್ನ ಹೆಸರನ್ನೇ ತಿದ್ದಿಕೊಂಡನೆನ್ನಬಹುದು. 1919ರಲ್ಲಿ ಮಾರ್ಸೆಟಳ ಹಣದ ನೆರವಿನಿಂದ ಪತ್ರಿಕೆಯೂ ಮುದ್ರಣಾಲಯವೂ ಆತನ ಕೈಗೆ ಬಂದವು.

ಬಿಡುವಾಗಿದ್ದ ಯಂತ್ರಗಳಿಗೆ ಕೆಲಸ ಕೊಡಬೇಕಲ್ಲವೆ? ಆತ ಅದೇ ವರ್ಷ ಎರಡು ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿದ. ಒಂದು, ಹುಡುಗನಾಗಿದ್ದಾಗ ಚಳಿಯಲ್ಲಿ ಕುಳಿತು ಓದಿದ ವೈಲ್ಡನ ಲಾವಣಿ. ಇನ್ನೊಂದು, ಡಿ.ವಿ.ಜಿ.ಯವರ ‘ಉಮರನ ಒಸಗೆ’ಯಿಂದ ಕನ್ನಡಿಗರಿಗೂ ಆಪ್ತವಾದ ಉಮರ್ ಖಯ್ಯಾಮನ ರುಬಾಯತ್. ಪತ್ರಿಕೆಯ ಹಳೆಯ ಚಂದಾದಾರರಿಗೆ ಪತ್ರ ಬರೆದು, ಮುಂದೆ ಬರಲಿರುವ ಐವತ್ತು ಹೊತ್ತಗೆಗಳಿಗೆ ಐದು ಡಾಲರುಗಳನ್ನು ಮುಂಗಡವಾಗಿ ಕಳುಹಿಸಬೇಕೆಂದು ಕೇಳಿಕೊಂಡ. ಸಾವಿರಾರು ಜನ ಕಳುಹಿಸಿದರು. ಮೊದಲು ಇಪ್ಪತ್ತೈದು ಸೆಂಟಿದ್ದ ಬೆಲೆ ಹತ್ತಕ್ಕೆ ಇಳಿಯಿತು, ಆಮೇಲೆ ಐದಕ್ಕೆ ನಿಂತಿತು. ಮೂರೂವರೆ ಅಂಗುಲ ಅಗಲ, ಐದು ಅಂಗುಲ ಉದ್ದ, ಸಾಮಾನ್ಯವಾಗಿ ಅರವತ್ತನಾಲ್ಕು ಪುಟ, ನೀಲಿ ಕಾಗದದ ಹೊದಿಕೆ. ‘ಲಿಟ್ಲ್ ಬ್ಲೂ ಬುಕ್ಸ್’ ಎಂಬ ಹೆಸರು ನೆಲೆಯಾಗುವ ಹೊತ್ತಿಗೆ ಷೇಕ್ಸ್‌ಪಿಯರ್, ಪ್ಲೇಟೊ, ವಾಲ್ಟೇರ್, ಎಮರ್ಸನ್ ಮೊದಲ್ಗೊಂಡು ಅಡಿಗೆ, ಆರೋಗ್ಯ, ವ್ಯಾಕರಣಗಳವರೆಗೆ ನೂರಾರು ವಿಷಯಗಳು ಆ ಸಾಲಿನಲ್ಲಿ ನಿಂತಿದ್ದವು.

ಇವುಗಳ ಮಾರಾಟದ ಕ್ರಮವೇ ವಿಶೇಷವಾದದ್ದು. ದೊಡ್ಡ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ನೂರಾರು ಹೊತ್ತಗೆಗಳ ಹೆಸರನ್ನು ಕ್ರಮಸಂಖ್ಯೆಯೊಡನೆ ಸಣ್ಣ ಅಕ್ಷರಗಳಲ್ಲಿ ಪಟ್ಟಿಯಾಗಿ ಅಚ್ಚು ಹಾಕಿಸುತ್ತಿದ್ದ. ಓದುಗನು ತನಗೆ ಬೇಕಾದ ಇಪ್ಪತ್ತು ಸಂಖ್ಯೆಗಳನ್ನು ಬರೆದು ಒಂದು ಡಾಲರಿನೊಡನೆ ಅಂಚೆಗೆ ಹಾಕಿದರೆ ಸಾಕು, ಹೊತ್ತಗೆಗಳು ಮನೆಗೆ ಬರುತ್ತಿದ್ದವು. ಇದರ ಫಲವೇನೆಂದು ವಾಚಕರು ಗಮನಿಸಬೇಕು. ಎಲ್ಲ ಹೊತ್ತಗೆಗಳಿಗೂ ಒಂದೇ ಬೆಲೆ, ಒಂದೇ ಆಕಾರ, ಒಂದೇ ಬಣ್ಣ. ಚಿತ್ರವಿಲ್ಲ, ಹೊಗಳಿಕೆಯಿಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡು ಪುಟ ತಿರುವಿ ನೋಡುವ ಅವಕಾಶವೂ ಇಲ್ಲ. ಒಂದನ್ನು ಕೊಂಡು ಇನ್ನೊಂದನ್ನು ಬಿಡುವುದಕ್ಕೆ ಕೊಳ್ಳುವವನ ಕಣ್ಣೆದುರಿಗಿದ್ದ ಆಧಾರ ಹೆಸರೊಂದೇ. ಬೇರೆ ಪ್ರಕಾಶಕರಿಗೆ ಗ್ರಂಥವೊಂದು ಏಕೆ ಮಾರಿತು, ಏಕೆ ಮಾರಲಿಲ್ಲವೆಂಬುದಕ್ಕೆ ಹತ್ತು ಕಾರಣಗಳು ತೋರುತ್ತಿದ್ದುವು. ಜಿರಾರ್ಡಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರಿನ ಗುಣವೂ ದೋಷವೂ ಉಳಿದುದರಿಂದ ಬೇರ್ಪಟ್ಟು ಅಂಕಿಗಳಾಗಿ ಕಾಣತೊಡಗಿದವು.

ಈ ಅಂಕಿಗಳನ್ನು ಹಾಲ್ಡಮನ್-ಜೂಲಿಯಸ್ ವ್ಯರ್ಥವಾಗಲು ಬಿಡಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಪ್ರತಿಗಳು ಮಾರದ ಹೊತ್ತಗೆ ರೋಗಿಯೆಂದು ಆತನ ನಿಯಮ. ಅಂತಹವನ್ನು ಪಟ್ಟಿಯಿಂದ ತೆಗೆದು ಕಚೇರಿಯ ಒಂದು ವಿಭಾಗಕ್ಕೆ ಕಳುಹಿಸುತ್ತಿದ್ದರು. ಅದಕ್ಕೆ ಆತನಿಟ್ಟ ಹೆಸರು ಆಸ್ಪತ್ರೆ. ಅಲ್ಲಿ ಹೊತ್ತಗೆಯನ್ನು ಮತ್ತೆ ಓದಿ, ಅದರ ವಿಷಯವೇನು, ಅದು ಯಾರಿಗೆ ಬೇಕಾದೀತು, ಈಗಿನ ಹೆಸರು ಆ ವಿಷಯವನ್ನು ಹೇಳುತ್ತದೆಯೆ ಎಂದು ಪರೀಕ್ಷಿಸುತ್ತಿದ್ದರು. ಅನೇಕ ಸಂದರ್ಭಗಳಲ್ಲಿ ಚಿಕಿತ್ಸೆಯೆಂದರೆ ಹೆಸರಿನ ಬದಲಾವಣೆ. ಚಿಕಿತ್ಸೆಗೂ ಬಗ್ಗದವುಗಳಿಗೆ ಶವಾಗಾರವೆಂಬ ಇನ್ನೊಂದು ವಿಭಾಗವಿತ್ತು.

ಈ ಆಸ್ಪತ್ರೆಯ ಕೆಲವು ದಾಖಲೆಗಳನ್ನು ನೋಡೋಣ. ವಿಸ್ಲರ್ ಎಂಬ ಚಿತ್ರಕಾರನು 1885ರಲ್ಲಿ ಲಂಡನ್ನಿನಲ್ಲಿ ಕಲೆಯನ್ನು ಕುರಿತು ಒಂದು ಉಪನ್ಯಾಸ ಮಾಡಿದ. ರಾತ್ರಿ ಹತ್ತು ಗಂಟೆಗೆ ಆರಂಭವಾದುದರಿಂದ ಅದಕ್ಕೆ ‘ಹತ್ತು ಗಂಟೆ’ ಎಂದೇ ಹೆಸರಾಯಿತು. ಪಟ್ಟಿಯಲ್ಲಿ ಆ ಹೆಸರನ್ನು ನೋಡಿದವನಿಗೆ ಗಡಿಯಾರದ ವಿಷಯವೋ ಕಳ್ಳತನದ ಕಥೆಯೋ ತಿಳಿಯುವಂತಿರಲಿಲ್ಲ. ವರ್ಷಕ್ಕೆ ಸುಮಾರು ಎರಡು ಸಾವಿರ ಪ್ರತಿಗಳು ಹೋಗುತ್ತಿದ್ದುವು. ‘ಕಲೆ ನಿಮಗೆ ಏನಾಗಿರಬೇಕು’ ಎಂಬ ಅರ್ಥದ ಹೆಸರನ್ನಿಟ್ಟ ಮೇಲೆ ಒಂಬತ್ತು ಸಾವಿರವಾಯಿತು. ಐನ್‌ಸ್ಟೈನನ ಸಿದ್ಧಾಂತಕ್ಕೆ ಪ್ರವೇಶಿಕೆಯೆಂದು ಇದ್ದ ಹೊತ್ತಗೆಯನ್ನು, ಅದೇ ಸಿದ್ಧಾಂತದ ವಿವರಣೆಯೆಂದು ಕರೆದ ಕೂಡಲೆ ಮಾರಾಟ ಹದಿನೈದು ಸಾವಿರದಿಂದ ನಲವತ್ತೆರಡು ಸಾವಿರಕ್ಕೆ ಏರಿತು. ಓದುಗನಿಗೆ ಬಾಗಿಲವರೆಗೆ ಹೋಗಿ ನಿಲ್ಲುವ ಇಚ್ಛೆಯಿರಲಿಲ್ಲ, ಒಳಗೆ ಹೋಗಬೇಕಾಗಿತ್ತು. ಪೇಟೆಂಟ್ ಔಷಧಿಗಳ ಮೇಲಣ ಹೊತ್ತಗೆಯ ಹೆಸರಿಗೆ ಸತ್ಯಾಂಶವೆಂಬ ಮಾತನ್ನು ಸೇರಿಸಿದ್ದರಿಂದ ಮೂರು ಸಾವಿರ ಹತ್ತು ಸಾವಿರವಾಯಿತು.

ಇವು ನಿರಪಾಯದ ಉದಾಹರಣೆಗಳು. ಇನ್ನು ಕೆಲವಿದ್ದವು. ಗೋತಿಯೇ ಎಂಬ ಫ್ರೆಂಚ್ ಲೇಖಕನ ‘ಚಿನ್ನದ ಉಣ್ಣೆ’ 1925ರಲ್ಲಿ ಸುಮಾರು ಆರು ಸಾವಿರ ಮಾರಿತ್ತು. ಮರುವರ್ಷ ‘ಹೊಂಗೂದಲ ಪ್ರೇಯಸಿಯ ಅನ್ವೇಷಣೆ’ ಎಂಬ ಹೊಸ ವೇಷದಲ್ಲಿ ಐವತ್ತು ಸಾವಿರ ಮಾರಿತು. ವಿಕ್ಟರ್ ಹ್ಯೂಗೊವಿನ ನಾಟಕವೊಂದರ ಹೆಸರಿನಲ್ಲಿದ್ದ ದೊರೆಗೆ ಕಾಮುಕನೆಂಬ ವಿಶೇಷಣವನ್ನು ಹಚ್ಚಿದ್ದೇ ತಡ, ಎಂಟು ಸಾವಿರ ಮೂವತ್ತೆಂಟು ಸಾವಿರಕ್ಕೆ ಹಾರಿತು. ಮೊಪಾಸಾನ 1880ರ ಪ್ರಸಿದ್ಧ ಕಥೆ ‘ಬೂಲ್ ದ ಸ್ವೀಫ್’ ಕೊಬ್ಬಿನುಂಡೆಯೆಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಹದಿನೈದು ಸಾವಿರ ಮಾರುತ್ತಿದ್ದುದು, ಫ್ರೆಂಚ್ ವೇಶ್ಯೆಯೊಬ್ಬಳ ತ್ಯಾಗವೆಂದಾದಾಗ ಐವತ್ತು ಸಾವಿರವನ್ನು ದಾಟಿತು. ಇಲ್ಲಿ ಒಳಗಿನ ಕಥೆ ಹಿಂದಿನದೇ. ಹೊರಗಿನ ಫಲಕ ಮಾತ್ರ ಹೊಸದು.

ಸಾಹಿತ್ಯಪ್ರಿಯರು ಇದನ್ನು ಕಂಡು ಮೂಗು ಮುರಿದರೆ ಆಶ್ಚರ್ಯವಿಲ್ಲ. ಆದರೂ ನ್ಯಾಯವಾಗಿ ನೋಡಬೇಕು. ಗೋತಿಯೇಯ ಕಥೆಯಲ್ಲಿ ನಾಯಕನು ರೂಬೆನ್ಸನ ಚಿತ್ರಗಳಲ್ಲಿ ಕಂಡಂತಹ ಹೊಂಗೂದಲ ಹೆಣ್ಣನ್ನು ಅರಸಿ ಆಂಟ್‌ವರ್ಪ್ ನಗರಕ್ಕೆ ಹೋಗುತ್ತಾನೆ. ಹ್ಯೂಗೊವಿನ ದೊರೆ ಕಾಮುಕನೇ ಹೌದು. ಆ ನಾಟಕ 1832ರಲ್ಲಿ ಪ್ಯಾರಿಸಿನಲ್ಲಿ ಒಂದು ಪ್ರದರ್ಶನಕ್ಕೇ ನಿಷೇಧಕ್ಕೊಳಗಾಗಿತ್ತು. ಮೊಪಾಸಾನ ಕಥೆಯ ತಿರುಳೂ ತ್ಯಾಗವೇ: ಜೊತೆಯ ಪ್ರಯಾಣಿಕರಿಗಾಗಿ ತನ್ನ ಮಾನವನ್ನು ಒತ್ತೆಯಿಟ್ಟ ಹೆಣ್ಣನ್ನು ಆ ಮರ್ಯಾದಸ್ಥರೇ ಕೊನೆಗೆ ತಿರಸ್ಕರಿಸುತ್ತಾರೆ. ಹೆಸರು ಒರಟಾಯಿತೆನ್ನಬಹುದು, ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಿತೆಂದೂ ಆಕ್ಷೇಪಿಸಬಹುದು. ಸುಳ್ಳಾಯಿತೆಂದು ಹೇಳುವುದು ಕಷ್ಟ. ಹಾಲ್ಡಮನ್-ಜೂಲಿಯಸನ ವಾದವೂ ಇದೇ ಆಗಿತ್ತು. ಗ್ರಂಥದಲ್ಲಿ ಇರುವುದನ್ನೇ ಹೆಸರು ಹೇಳಬೇಕು. ಪಂಡಿತನಿಗೆ ಮಾತ್ರ ತಿಳಿಯುವ ಸಂಕೇತದಿಂದ ಸಾಮಾನ್ಯನನ್ನು ಹೊರಗೆ ನಿಲ್ಲಿಸಬಾರದು ಎಂದು ಆತನ ಮತ.

ಆದರೆ ಆತನ ಅತ್ಯಂತ ದೊಡ್ಡ ಗೆಲುವೇ ಈ ಮತವನ್ನು ಸಂದೇಹಕ್ಕೆ ಗುರಿಮಾಡುತ್ತದೆ. ಜರ್ಮನ್ ತತ್ತ್ವಜ್ಞ ಷೋಪನ್‌ಹೌವರನ ‘ವಾದಕಲೆ’ ಎಂಬ ಹೊತ್ತಗೆಯನ್ನು ಕೇಳುವವರೇ ಇರಲಿಲ್ಲ. ‘ತರ್ಕಬದ್ಧವಾಗಿ ವಾದಿಸುವುದು ಹೇಗೆ’ ಎಂದು ಹೆಸರು ಬದಲಿಸಿದೊಡನೆ ಮೂವತ್ತು ಸಾವಿರ ಪ್ರತಿಗಳು ಹೋದವು. ಆದರೆ ಷೋಪನ್‌ಹೌವರ್ ಬರೆದದ್ದೇನು? ಸತ್ಯ ಯಾರ ಕಡೆಗಿದ್ದರೂ ಚಿಂತೆಯಿಲ್ಲ, ವಾದದಲ್ಲಿ ಗೆಲ್ಲುವುದಕ್ಕೆ ಜನರು ಹೂಡುವ ಉಪಾಯಗಳೇನು ಎಂಬುದನ್ನು ಆತ ವ್ಯಂಗ್ಯದಿಂದ ಎಣಿಸಿ ತೋರಿಸಿದ್ದಾನೆ. ಎದುರಾಳಿಯನ್ನು ಸಿಟ್ಟಿಗೆಬ್ಬಿಸುವುದು, ಆತನ ಮಾತನ್ನು ಹಿಗ್ಗಿಸಿ ಖಂಡಿಸುವುದು, ಸೋಲುವಂತಾದಾಗ ವಿಷಯವನ್ನು ಬದಲಿಸುವುದು, ಇಂತಹವು ಅಲ್ಲಿನ ಪಾಠಗಳು. ತರ್ಕಶುದ್ಧಿಯನ್ನು ಕಲಿಯಬೇಕೆಂದು ಐದು ಸೆಂಟು ಕಳುಹಿಸಿದ ರೈತನ ಮಗನಿಗೆ ತರ್ಕವನ್ನು ತಪ್ಪಿಸಿಕೊಳ್ಳುವ ವಿದ್ಯೆ ಅಂಚೆಯಲ್ಲಿ ಬಂತು. ಹೆಸರು ಗೆದ್ದಿತು, ಗ್ರಂಥಕಾರನ ಉದ್ದೇಶ ಸೋತಿತು. ಲೆಕ್ಕದ ಪುಸ್ತಕದಲ್ಲಿ ಈ ಸೋಲನ್ನು ಬರೆಯುವುದಕ್ಕೆ ಕಲಮು ಇರಲಿಲ್ಲ. ಆ ತಕ್ಕಡಿ ಬಂದ ಕಾಸನ್ನು ತೂಗುತ್ತಿತ್ತು. ಓದಿದ ಮೇಲಿನ ಮನಸ್ಸನ್ನು ತೂಗುತ್ತಿರಲಿಲ್ಲ.

1928ರಲ್ಲಿ ಹಾಲ್ಡಮನ್-ಜೂಲಿಯಸ್ ತನ್ನ ಅನುಭವಗಳನ್ನೆಲ್ಲ ‘ದಿ ಫಸ್ಟ್ ಹಂಡ್ರೆಡ್ ಮಿಲಿಯನ್’ ಎಂಬ ಗ್ರಂಥದಲ್ಲಿ ಬಿಡಿಸಿಟ್ಟ. ಹತ್ತು ಕೋಟಿ ಹೊತ್ತಗೆಗಳು ಅಷ್ಟರಲ್ಲಿ ಮಾರಾಟವಾಗಿದ್ದುವು. ಯಾವ ಮಾತು ಓದುಗನನ್ನು ಸೆಳೆಯುತ್ತದೆ, ಯಾವುದು ದೂಡುತ್ತದೆ ಎಂಬುದನ್ನು ವ್ಯಾಪಾರದ ಗುಟ್ಟೆಂದು ಬಚ್ಚಿಡದೆ ಅಂಕಿಗಳ ಸಮೇತ ಬಹಿರಂಗಪಡಿಸಿದ್ದು ಆತನ ಔದಾರ್ಯವೆನ್ನಬೇಕು. ಒಂದು ಕೆಲಸವನ್ನು ಮಾಡುವುದು ಹೇಗೆ ಎಂದು ತಿಳಿಸುವ ಹೆಸರು, ಒಂದು ವಿಷಯದ ಸತ್ಯಾಂಶವನ್ನು ಕೊಡುವ ಹೆಸರು, ಪ್ರೇಮ, ಜೀವನ ಎಂಬ ಮಾತುಗಳುಳ್ಳ ಹೆಸರು ಇವು ಗೆಲ್ಲುತ್ತಿದ್ದುವು. ಅಪರಿಚಿತವಾದ ಅಂಕಿತನಾಮ, ಪುರಾಣದ ಸೂಚನೆ, ಕವಿಸಮಯದ ಸೊಗಸು ಇವು ಸೋಲುತ್ತಿದ್ದುವು. ಕಾಮದ ಕುತೂಹಲ ಎಷ್ಟು ಪ್ರಬಲವೋ ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬ ಹಂಬಲವೂ ಅಷ್ಟೇ ಪ್ರಬಲವೆಂಬುದು ಆ ಅಂಕಿಗಳಿಂದ ಹೊರಟ ಇನ್ನೊಂದು ಸಂಗತಿ. ಶಾಲೆ ಬಿಟ್ಟ ಕೂಲಿಯವರು ವ್ಯಾಕರಣವನ್ನೂ ತತ್ತ್ವಶಾಸ್ತ್ರವನ್ನೂ ಸಾವಿರಗಟ್ಟಲೆ ಕೊಳ್ಳುತ್ತಿದ್ದರು.

ಹೆಸರಿನ ಬಲೆಗೆ ಈ ಬೇಟೆಗಾರನೂ ಒಮ್ಮೆ ಸಿಕ್ಕಿದ್ದುಂಟು. ನ್ಯೂಯಾರ್ಕಿನಲ್ಲಿ ಲೇಬರ್ ಟೆಂಪಲ್ ಎಂಬ ಕಟ್ಟಡದ ಮುಂದೆ ಹಾದುಹೋಗುತ್ತಿದ್ದಾಗ, ಅಂದು ಸಂಜೆ ಪ್ಲೇಟೊವನ್ನು ಕುರಿತ ಉಪನ್ಯಾಸವಿದೆಯೆಂಬ ಫಲಕ ಆತನ ಕಣ್ಣಿಗೆ ಬಿತ್ತು. ಕುತೂಹಲದಿಂದ ಒಳಗೆ ಹೋಗಿ ಕುಳಿತ. ಮಾತನಾಡುತ್ತಿದ್ದವನು ವಿಲ್ ಡ್ಯೂರಾಂಟ್. ಆ ಉಪನ್ಯಾಸವನ್ನು ಹೊತ್ತಗೆಯಾಗಿ ಬರೆದುಕೊಡಬೇಕೆಂದು ಹಾಲ್ಡಮನ್-ಜೂಲಿಯಸ್ ಬೆನ್ನು ಹತ್ತಿದ. ಬಿಡುವಿಲ್ಲವೆಂದವನಿಗೆ ಹಣವನ್ನು ಮೊದಲೇ ಕಳುಹಿಸಿ ಬರೆಸಿದ. ಪ್ಲೇಟೊ ಆದ ಮೇಲೆ ಅರಿಸ್ಟಾಟಲ್, ಆಮೇಲೆ ಇನ್ನೊಬ್ಬ ಎಂದು ಹನ್ನೊಂದು ಹೊತ್ತಗೆಗಳಾದವು. ಅವುಗಳೇ ಕೂಡಿ 1926ರಲ್ಲಿ ‘ದಿ ಸ್ಟೋರಿ ಆಫ್ ಫಿಲಾಸಫಿ’ ಎಂಬ ಲೋಕಪ್ರಸಿದ್ಧ ಗ್ರಂಥವಾಗಿ ಹೊರಬಂದವು. ಅದರ ಆದಾಯದಿಂದ ಬಿಡುವು ಪಡೆದ ಡ್ಯೂರಾಂಟ್ ನಾಗರಿಕತೆಯ ಬೃಹತ್ ಚರಿತ್ರೆಗೆ ಕೈಹಾಕಿದ. ಅದರ ಸಲುವಾಗಿ ಭಾರತಕ್ಕೂ ಬಂದು, ಇಲ್ಲಿಯ ದುಃಸ್ಥಿತಿಯನ್ನು ಕಂಡು, 1930ರಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸಿ ‘ದಿ ಕೇಸ್ ಫಾರ್ ಇಂಡಿಯ’ ಎಂಬ ಗ್ರಂಥವನ್ನು ಬರೆದ.

ಮುಂದಿನ ದಿನಗಳು ಅಷ್ಟು ಉಜ್ಜ್ವಲವಾಗಿರಲಿಲ್ಲ. ಮಾರ್ಸೆಟಳೊಡನೆ ವಿರಸ ಬೆಳೆಯಿತು. ಆಕೆ 1941ರಲ್ಲಿ ತೀರಿಕೊಂಡಳು. 1939ರಿಂದ ಇಪ್ಪತ್ತೈದು ಸೆಂಟಿನ ‘ಪಾಕೆಟ್ ಬುಕ್ಸ್’ ಬಣ್ಣಬಣ್ಣದ ಹೊದಿಕೆಗಳೊಡನೆ ಅಂಗಡಿಗಳನ್ನು ತುಂಬಿದವು. ಧರ್ಮಸಂಸ್ಥೆಗಳನ್ನೂ ಸರಕಾರವನ್ನೂ ಎದುರಿಸಿ ಬರೆಯುವ ಆತನ ಚಟ ಕಡಿಮೆಯಾಗಲಿಲ್ಲ. 1948ರಲ್ಲಿ ಎಫ್.ಬಿ.ಐ. ಎಂಬ ರಾಷ್ಟ್ರೀಯ ಪೋಲೀಸು ಸಂಸ್ಥೆಯನ್ನು ಟೀಕಿಸುವ ಹೊತ್ತಗೆಯನ್ನು ಪ್ರಕಟಿಸಿದ. 1951ರಲ್ಲಿ ಆದಾಯ ತೆರಿಗೆಯನ್ನು ತಪ್ಪಿಸಿದ ಅಪರಾಧಕ್ಕಾಗಿ ನ್ಯಾಯಾಲಯವು ಆರು ತಿಂಗಳ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಶಿಕ್ಷೆ ಜಾರಿಗೆ ಬರುವ ಮೊದಲೇ, ಅರವತ್ತೆರಡು ವರ್ಷ ತುಂಬಿದ ಮರುದಿನ, ಅದೇ ವರ್ಷದ ಜುಲೈ 31ರಂದು, ತನ್ನ ಮನೆಯ ಈಜುಕೊಳದಲ್ಲಿ ಆತ ಮುಳುಗಿ ಸತ್ತಿದ್ದುದು ಕಂಡುಬಂತು. ಮಗ ಹೆನ್ರಿ ಕೆಲಸವನ್ನು ಮುಂದುವರಿಸಿದ. 1978ರ ಜುಲೈ 4ರಂದು ಜಿರಾರ್ಡಿನ ಮುದ್ರಣಾಲಯ ಬೆಂಕಿಗೆ ಆಹುತಿಯಾಯಿತು. ಅಷ್ಟರಲ್ಲಿ ಮೂವತ್ತು ಕೋಟಿಗೂ ಮೀರಿ ನೀಲಿ ಹೊತ್ತಗೆಗಳು ಜನರ ಜೇಬುಗಳನ್ನು ಸೇರಿದ್ದುವು.

ಇಂದು ಅಂತರಜಾಲದ ಸುದ್ದಿಮನೆಗಳಲ್ಲಿ ಒಂದೇ ಲೇಖನಕ್ಕೆ ಎರಡು ತಲೆಬರಹಗಳನ್ನು ಕೊಟ್ಟು, ಒಂದನ್ನು ಕೆಲವು ಓದುಗರಿಗೂ ಇನ್ನೊಂದನ್ನು ಉಳಿದವರಿಗೂ ತೋರಿಸಿ, ಹೆಚ್ಚು ಜನ ಒತ್ತಿದ್ದನ್ನು ಉಳಿಸಿಕೊಳ್ಳುವ ಪದ್ಧತಿ ಬಂದಿದೆ. ಹಾಲ್ಡಮನ್-ಜೂಲಿಯಸ್ ಒಂದು ವರ್ಷ ಕಾದು ತಿಳಿದುಕೊಳ್ಳುತ್ತಿದ್ದುದು ಈಗ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ. ತಕ್ಕಡಿ ಸೂಕ್ಷ್ಮವಾಗಿದೆ, ಆದರೆ ತೂಗುವ ವಸ್ತು ಅಂದಿನದೇ. ಆತನಿಗೆ ಒಂದು ಅಂಕುಶವಿತ್ತು: ಮೋಸಹೋದೆನೆಂದುಕೊಂಡ ಗಿರಾಕಿ ಎರಡನೆಯ ಡಾಲರನ್ನು ಕಳುಹಿಸುವುದಿಲ್ಲ. ಹೊದಿಕೆಯ ಮೇಲೆ ಏನೇ ಇರಲಿ, ಒಳಗೆ ಹ್ಯೂಗೊ ಇದ್ದ, ಮೊಪಾಸಾ ಇದ್ದ, ಪ್ಲೇಟೊ ಇದ್ದ. ಹೊಂಗೂದಲ ಪ್ರೇಯಸಿಯ ಆಸೆಯಿಂದ ಹೊತ್ತಗೆಯನ್ನು ತೆರೆದವನು ರೂಬೆನ್ಸನ ಚಿತ್ರದ ಮುಂದೆ ಬಂದು ನಿಲ್ಲುತ್ತಿದ್ದ. ಆ ಐವತ್ತು ಸಾವಿರ ಮಂದಿಯಲ್ಲಿ ಎಷ್ಟು ಜನ ನಿರಾಶರಾಗಿ ಪುಟ ಮುಚ್ಚಿದರೋ, ಎಷ್ಟು ಜನ ಚಳಿಯನ್ನು ಮರೆತು ಕೊನೆಯವರೆಗೆ ಓದಿದರೋ ಯಾವ ಲೆಕ್ಕದಲ್ಲಿಯೂ ಬರೆದಿಲ್ಲ. ಕೆಲವರಾದರೂ ಓದಿರಬೇಕು. ಹಳೆಯ ಹೆಸರಿನಲ್ಲಿದ್ದಿದ್ದರೆ ಅವರಲ್ಲಿ ಬಹುಮಂದಿಗೆ ಆ ಕಥೆ ದೊರೆಯುತ್ತಲೇ ಇರಲಿಲ್ಲ.